ಇಪ್ಪತ್ತೆಂಟರ ಸೊಂಟ

ಬೆಳಗಿನ ಆರಕ್ಕೆ ಅಲ್ಲಿ ರಾತ್ರಿಯ ಆಟ.
ಕಟಿಂಗ್ ಟೇಬಲ್ಲಿನ ಮೇಲೆ, ಅರವತ್ತು ಪದರ ಡೆನಿಮ್ಮಿಗೆ
ಮೊಬೈಲು ಆನಿಸಿಟ್ಟು ನೋಡುತ್ತೇನೆ.
ಕರೆಂಟು ಹೋದರೂ ಆಟ ನಿಲ್ಲದು,
ಡಾಟಾ ಮುಗಿದರೆ ನಿಲ್ಲುತ್ತದೆ,
ಅದು ಮುಗಿಯುವುದೂ ಕೊನೆಯ ನಲವತ್ತು ಸೆಕೆಂಡಿಗೇ.

ಎರ್ರಿಸ್ವಾಮಿ ಬಟನ್ ಮಷಿನ್ನಿಂದ ತಲೆ ಎತ್ತದೆ ಅನ್ನುತ್ತಾನೆ:
"ರೊಕ್ಕಕ್ಕ ಆಡೋರಪ್ಪ ಅವ್ರು. ಎರಡು ತಾಸು ಅಡ್ಡಾಡಿ
ಕೊನೇ ನಾಕು ನಿಮಿಷಕ್ಕ ಕೈ ಎತ್ತತಾರ.
ನಮ್ಮ ಕಾಲೇಜ್ ಹುಡುಗ್ರ್ನ ನೋಡು,
ಮೊದಲ್ನೇ ಚೆಂಡಿಗೇ ಮೊಣಕಾಲು ಕೆತ್ತಿಸ್ಕೋತಾರ."

ಇರಬಹುದು. ನಾನು ನೋಡುವುದು ಬೇರೆ.
ಕೋಟಿ ಕೋಟಿ ಎಣಿಸುವ ಆ ಏಳಡಿಯ ಮನುಷ್ಯ
ಫ್ರೀ ಥ್ರೋ ಗೆರೆಯಲ್ಲಿ ಒಬ್ಬನೇ ನಿಂತು
ಚೆಂಡನ್ನು ಮೂರು ಸಲ ನೆಲಕ್ಕೆ ಕುಟ್ಟಿ, ಉಸಿರು ಬಿಟ್ಟು
ತಪ್ಪಿಸುತ್ತಾನಲ್ಲ,
ಆಗಿನ ಅವನ ಮುಖ
ಝಿಪ್ಪನ್ನು ಉಲ್ಟಾ ಹೊಲಿದ ದಿನದ ನನ್ನ ಮುಖ.
ಯಾರೂ ಅಡ್ಡ ಬಂದಿರಲಿಲ್ಲ.
ಅದೇ ಕಷ್ಟ.

ಸಂಜೆ ಕಾಲೇಜಿನ ಕಾಂಪೌಂಡಿನ ಮೇಲೆ ನಾವಿಬ್ಬರೂ,
ನಡುವೆ ಪೇಪರಿನಲ್ಲಿ ಒಗ್ಗರಣೆ, ಎರಡು ಮಿರ್ಚಿ.
ಹಗಲೆಲ್ಲ ಕುಡಿದ ಬಿಸಿಲನ್ನು ಗುಡ್ಡ
ಈಗ ನಮ್ಮ ಬೆನ್ನ ಮೇಲೆ ಉಗುಳುತ್ತದೆ.
ಅದಿರಿನ ಲಾರಿ ಹೋದಾಗೊಮ್ಮೆ ಅಂಕಣ ಕೆಂಪಗೆ ಮಸುಕಾಗಿ
ಹುಲಿಗೆಮ್ಮ ಕಾಣೆಯಾಗುತ್ತಾಳೆ,
ಚೆಂಡು ಮಾತ್ರ ಧೂಳಿನಿಂದ ಆಚೆ ಬರುತ್ತದೆ
ಸರಿಯಾಗಿ ಯಾರ ಕೈಗೆ ಬೇಕೋ ಅವರ ಕೈಗೆ.
ಐದಡಿ ಇಲ್ಲದ ಹುಡುಗಿ. ನೋಡದೆ ಕೊಡುತ್ತಾಳೆ.
"ಇದನ್ನ ಯಾರು ಕಲಿಸಿದ್ರು?" ಅಂದರೆ
"ಮನ್ಯಾಗ ಆರು ಮಂದಿ, ಒಂದು ಚಿಮಣಿ,
ತಾಟು ಹಂಗೇ ದಾಟಸ್ತಿದ್ವಿ" ಅಂದಳು.

ಆರು ವರ್ಷ ಆ ರಿಂಗಿಗೆ ಬಲೆಯಿರಲಿಲ್ಲ.
ಚೆಂಡು ಒಳಗೋ ಹೊರಗೋ, ದಿನಾ ಪಂಚಾಯಿತಿ.
ಬಲೆಯಿಲ್ಲದ ಬುಟ್ಟಿಗೆ ಸದ್ದೂ ಇಲ್ಲ,
ಹಾಕಿದವರಿಗೇ ಅನುಮಾನ.
ಫೈನಲ್ಲಿನ ಹಿಂದಿನ ರಾತ್ರಿ ಕೂತು ಹೊಲಿದೆ.
ಹನ್ನೆರಡು ಕೊಕ್ಕೆಗೆ ಹನ್ನೆರಡು ಬೆಲ್ಟ್ ಲೂಪು,
ಅಂಚಿನ ಪಟ್ಟಿಗಳು, ಕಿತ್ತಳೆ ದಾರದ ಜೋಡಿ ಹೊಲಿಗೆ,
ಕೆಳಗಿನ ಬಾಯಿ ಕೈಗೆ ರೂಢಿಯಾದ ಅಳತೆ:
ಇಪ್ಪತ್ತೆಂಟರ ಸೊಂಟ.
ಹುಡುಗಿಯರ ಚೆಂಡು ಇಪ್ಪತ್ತೆಂಟೂವರೆ ಎಂದು
ಯಾರಿಗೆ ಗೊತ್ತಿತ್ತು!

ಗಂಗಾವತಿಯವರ ಮೇಲೆ ಆಟ. ಪ್ರತಿ ಚೆಂಡೂ
ಒಂದು ಕ್ಷಣ ಬಲೆಯಲ್ಲಿ ನಿಂತು, ಮನಸ್ಸು ಮಾಡಿ ಇಳಿಯುತ್ತಿತ್ತು.
ಎರ್ರಿ ನನ್ನನ್ನೇ ನೋಡುತ್ತಿದ್ದ.
ನಾನು ಮಿರ್ಚಿಯನ್ನು ನೋಡುತ್ತಿದ್ದೆ.

ಒಂದು ಪಾಯಿಂಟು ಹಿಂದೆ, ಮೂರು ಸೆಕೆಂಡು ಬಾಕಿ,
ಹುಲಿಗೆಮ್ಮ ಎಸೆದಳು, ಮೆತ್ತಗೆ,
ರಿಂಗಿನ ತುಟಿ ಮುಟ್ಟಿ ಒಳಗಿಳಿದ ಚೆಂಡು
ಅಲ್ಲೇ ಕೂತಿತು.
ಸೀಟಿ ಹೊಡೆಯಿತು. ಚೆಂಡು ಬೀಳಲಿಲ್ಲ.
ಹತ್ತು ಹುಡುಗಿಯರು ಮೇಲೆ ನೋಡುತ್ತ ನಿಂತರು
ಮರ ಹತ್ತಿದ ಬೆಕ್ಕನ್ನು ನೋಡಿದ ಹಾಗೆ.

ನಾನು ಕಾಂಪೌಂಡಿನ ಮೇಲೆ ಎದ್ದು ನಿಂತೆ.
ಹೊಲಿಗೆಯವನು, ಎಂಟನೇ ಕ್ಲಾಸು,
ಪೀಟಿ ಮಾಸ್ತರರ ಎದುರು ಬಾಯಿ ತೆರೆದೆ:
"ಸಾರ್, ಮೇಲಿಂದ ಒಳಗ ಬಂದು ಉಳಿದ್ರೂ ಬುಟ್ಟಿನೇ.
ರೂಲ್ ಐತಿ. ಅಲ್ಲೂ ಅದೇ, ಇಲ್ಲೂ ಅದೇ."
ಪುಸ್ತಕ ತಂದರು. ಹಾಳೆ ತಿರುವಿದರು. ಒಗ್ಗರಣೆ ಆರಿತು.
ಮಾಸ್ತರರು ಎರಡು ಬೆರಳು ಎತ್ತಿದರು.

ಗಂಗಾವತಿಯ ಹನ್ನೊಂದನೇ ನಂಬರಿನ ಹುಡುಗಿ
ಅಳುತ್ತಿದ್ದವಳು ನಕ್ಕುಬಿಟ್ಟಳು.
ಜವಾನ ಕಸಬರಿಗೆಯಿಂದ ತಿವಿದು ಚೆಂಡು ಕೆಡವಿದ.
ಅದರ ಹೊಟ್ಟೆಯ ಸುತ್ತ ನೀಲಿ ಗೆರೆ.
ತೊಳೆಯದ ಬಟ್ಟೆಯ ಬಣ್ಣ, ಬೆವರಿಗೆ ಬಿಡುತ್ತದೆ,
ನನ್ನ ಅಂಗೈ ನೋಡಿದರೆ ಗೊತ್ತಾಗುತ್ತದೆ.

ಈಗ ಮೂವತ್ತೆರಡಕ್ಕೆ ಸಡಿಲಿಸಿದ್ದೇನೆ. ಚೆಂಡು ಸೊಂಯ್ಯನೆ ಇಳಿಯುತ್ತದೆ.
ಹುಲಿಗೆಮ್ಮನಿಗೆ ಸಮಾಧಾನವಿಲ್ಲ:
"ಅಣ್ಣ, ಹಳೇ ಅಳತಿನ ಚೊಲೊ ಇತ್ತು."