ಚಿನ್ನದ ಮರಳು

ನೂರ ಹನ್ನೆರಡು ಮೆಟ್ಟಿಲು. ತಿಂಗಳಿಗೊಮ್ಮೆ
ನಾನೂ ಹೆಲ್ಪರ್ ಜಬೀವುಲ್ಲಾನೂ ಚಿಮಣಿ ಹತ್ತಿ
ಹೊಗೆಯ ನಾಡಿ ಹಿಡಿಯುತ್ತೇವೆ.
ಕೆಳಗೆ ಭದ್ರಾವತಿ, ಹಳೇ ಸೇತುವೆ,
ಮೊಣಕಾಲು ನೀರಲ್ಲಿ ಗಾಳ ಹಾಕಿ ನಿಂತವರು
ಬೆಂಕಿಕಡ್ಡಿಯಷ್ಟೇ ಎತ್ತರ.

ಹೊಗೆ ಈಗ ಕಪ್ಪಗಿಲ್ಲ,
ಬೂದಿಯನ್ನು ಬಟ್ಟೆಚೀಲಗಳು ಸೋಸುತ್ತವೆ.
ಕಾಣುವುದು ಹೋಯಿತು, ಇನ್ನು
ಕಾಣದ್ದರ ಸರದಿ:
ಕಲ್ಲಿದ್ದಲ ಹೊಟ್ಟೆಯಲ್ಲಿ ಮಲಗಿದ್ದ ಪಾದರಸ
ಕುಲುಮೆಯಲ್ಲಿ ಎಚ್ಚೆತ್ತು
ಹೇಳದೆ ಕೇಳದೆ ಹೊರಡುತ್ತದೆ,
ಮಳೆಯ ಜೊತೆ ಇಳಿದು
ಕೆಸರಿನಲ್ಲಿ ಹೆಸರು ಬದಲಿಸಿಕೊಂಡು
ಮೀನಿಂದ ಮೀನಿಗೆ ಬಡ್ಡಿ ಬೆಳೆದು
ಒಂದು ಮಧ್ಯಾಹ್ನ ಯಾರದೋ ತಟ್ಟೆಗೆ.

ಅದನ್ನು ಹಿಡಿಯಲು ಗಾಜಿನ ನಳಿಗೆ,
ಒಳಗೆ ಚಿಟಿಕೆ ಮರಳು, ಮರಳಿಗೆ ಚಿನ್ನದ ಲೇಪ.
ಅಪ್ಪ ಇದ್ದಿದ್ದರೆ ನಗುತ್ತಿದ್ದ.

ಶಿವಮೊಗ್ಗದ ಗಾಂಧಿಬಜಾರಿನ ಹಿಂದೆ
ವಿಠೋಬ ಶೇಟರ ಒಂದೇ ಬಾಗಿಲ ಅಂಗಡಿ.
ತಾಮ್ರದ ಮುಖವಾಡಕ್ಕೆ ಚಿನ್ನವೇರಿಸುವಾಗ
ಬಂಗಾರ, ಪಾದರಸ ಸೇರಿಸಿ ಅರೆದು
ಬೆಣ್ಣೆಯಂತೆ ಬಳಿದು ಬೆಂಕಿಗೆ ಹಿಡಿಯುತ್ತಿದ್ದ.
"ನೋಡು ಇಂದೂ, ಪಾದರಸ ಹೋಯಿತು,
ಚಿನ್ನ ಉಳಿಯಿತು."
ಎಲ್ಲಿ ಹೋಯಿತು ಅಂತ ನಾನು ಕೇಳಲಿಲ್ಲ.
ಆಮೇಲೆ ಬೆರಳು ನಡುಗಿತು, ಬಸಿಯಲ್ಲಿ ಚಹಾ ಚೆಲ್ಲಿತು,
ಹಲ್ಲು ಸಡಿಲಾಯಿತು, ಸಿಟ್ಟು ಬಂತು.
ವಯಸ್ಸಾಯಿತು ಅಂದೆವು.
ನಲವತ್ತೊಂಬತ್ತು.

ಈ ವರ್ಷ ಹೊಸ ಏರ್ಪಾಡು. ತಿಪಟೂರಿನಿಂದ
ತೆಂಗಿನ ಕರಟದ ಇದ್ದಿಲ ಪುಡಿ ಬರುತ್ತದೆ,
ಗಂಧಕ ಹಚ್ಚಿದ್ದು. ಗಂಟೆಗೆ ಎಂಟು ಕಿಲೋ
ಹೊಗೆಯ ದಾರಿಗೆ ಊದುತ್ತೇವೆ.
"ಮಸೀನ ಮಸಿಯಿಂದ ತೊಳೆಯೋದಾ ಮೇಡಂ?"
ಹೌದು ಕಣಪ್ಪಾ. ಕಲ್ಲಿದ್ದಲು ಬಿಟ್ಟದ್ದನ್ನು
ಕರಟದಿದ್ದಲು ಕಟ್ಟಿಹಾಕಲಿ.

ಹೋದ ತಿಂಗಳು ಒಂಬತ್ತಿತ್ತು,
ಈ ಸಲ ಒಂದೂವರೆ.
ಯಂತ್ರ ತಪ್ಪಿದೆಯೆಂದು ಮೂರು ಸಲ ಅಳೆದೆ.
ಒಂದೂವರೆ.
ಜಬೀವುಲ್ಲಾ ಮಾತ್ರ, "ಸೊನ್ನೆ ಯಾಕಿಲ್ಲ?" ಅಂದ.
ಅವನ ಭಾವ ಹೊಳೆಮೀನು ಮಾರುತ್ತಾನೆ.

ಉತ್ತರ ನನ್ನಲ್ಲಿಲ್ಲ. ಹಿಡಿದದ್ದೂ
ಎಲ್ಲಿಗೂ ಹೋಗಿಲ್ಲ, ಗೋಡೌನಿನಲ್ಲಿ ಕೂತಿದೆ,
ಕೆಂಪು ಪಟ್ಟಿಯ ಚೀಲಗಳಲ್ಲಿ.
ಇಟ್ಟಿಗೆ ಗೂಡಿನವರು ಬೂದಿ ಕೇಳಿ ಬಂದರು,
ಇದಲ್ಲ ಅಂದೆ. ಮ್ಯಾನೇಜರ್ ಮುಖ ಗಂಟಿಕ್ಕಿದರು.
ಬೀಗದ ಕೈ ನನ್ನ ಸೊಂಟದಲ್ಲಿದೆ.

ರಾತ್ರಿ ಲ್ಯಾಬಿನಲ್ಲಿ ನಳಿಗೆ ಕಾಯಿಸಿದೆ,
ಮೂಗಿಗೆ ಮಾಸ್ಕು, ಕಿಟಕಿಯಾಚೆ ಎರಡನೇ ಶಿಫ್ಟಿನ ಸೈರನ್ನು.
ಪಾದರಸ ಹೋಯಿತು, ಚಿನ್ನ ಉಳಿಯಿತು.
ಎಲ್ಲಿ ಹೋಯಿತು?
ಪುಸ್ತಕದಲ್ಲಿ ಅದಕ್ಕೊಂದು ಕಾಲಂ ಗೆರೆ ಎಳೆದೆ,
ಅಪ್ಪನ ಹಳೇ ಉಕ್ಕಿನ ಅಳತೆಪಟ್ಟಿಯಿಂದ.