ಎಡಗಾಲ ಲಾಳ, ಪುಟ ಇನ್ನೂರ ಹನ್ನೆರಡು

ವಿರಾಜಪೇಟೆಯ ವಾಚನಾಲಯದಲ್ಲಿ
ರಬ್ಬರು ಹಿಡಿದು ಕೂತಿದ್ದೇನೆ.
ಗೋಡೆಯ ಮೇಲೆ ನಿಯಮವಿದೆ:
ಪುಸ್ತಕದಲ್ಲಿ ಗೀಚಿದರೆ ದಂಡ ಎರಡು ರೂಪಾಯಿ.
'ಎಡಗಾಲ ಲಾಳ' ಎಂಬ ಈ ಪತ್ತೇದಾರಿ ಕಾದಂಬರಿ
ಹೂಮಳೆಗೆ ಮೊದಲು ಹೊರಟದ್ದು
ಹದಿನೆಂಟು ಮನೆ ಸುತ್ತಿ ಮೊನ್ನೆ ಬಂತು,
ಬೆನ್ನು ಮುರಿದುಕೊಂಡು, ಕಾಫಿ ಕುಡಿದು,
ಹಾಳೆಗಳ ನಡುವೆ ಒಣಮೀನಿನ ವಾಸನೆ ಇಟ್ಟುಕೊಂಡು.

ಕತೆ ಇಷ್ಟು. ರೇಸು ಕುದುರೆಗಳ ಲಾಯ.
ನಸುಕಿನಲ್ಲಿ ಮಾಲೀಕ ಹುಲ್ಲಿನ ಮೇಲೆ ಸತ್ತು ಬಿದ್ದಿದ್ದಾನೆ,
ಹಣೆಯ ಮೇಲೆ ಲಾಳದ ಅಚ್ಚು.
ಕುದುರೆ ಒದ್ದಿತು ಅನ್ನುತ್ತಾರೆ ಪೊಲೀಸರು.
ಕುದುರೆ ಏನೂ ಅನ್ನುವುದಿಲ್ಲ.

ಪುಟ ಒಂಬತ್ತು. ಹಸಿರು ಶಾಯಿ, ನೆಟ್ಟಗೆ ನಿಂತ ಅಕ್ಷರ,
ರಿಸಾಲ್ದಾರ್ ಮೇದಪ್ಪನವರಲ್ಲದೆ ಇನ್ಯಾರು:
"ಬಲಗಡೆಯಿಂದ ಯಾವ ಸವಾರನೂ ಹತ್ತುವುದಿಲ್ಲ.
ಹತ್ತಿದವನೇ ಕೊಲೆಗಾರ. ಇಲ್ಲವೇ
ಬರೆದವನು ಕುದುರೆ ಕಂಡದ್ದು ಕ್ಯಾಲೆಂಡರಿನಲ್ಲಿ."
ಶಾಯಿ ರಬ್ಬರಿಗೆ ಜಗ್ಗುವುದಿಲ್ಲ.
ರಿಸಾಲ್ದಾರರೂ ಅಷ್ಟೆ.

ಐವತ್ತರಲ್ಲಿ ಕೋವಿ ಹಾರುತ್ತದೆ.
ಅಂಚಿನಲ್ಲಿ ಜಾಗವೇ ಇಲ್ಲ, ಏಳು ಕೈ ಒಂದರ ಮೇಲೊಂದು:
ಜೋಡುನಳಿಗೆಯಲ್ಲಿ ಮೂರನೆಯ ಈಡು ಎಲ್ಲಿಂದ ಬಂತು ಸ್ವಾಮಿ?
ಈ ಊರಿಗೆ ದೇವರ ಬಗ್ಗೆ ತಪ್ಪು ಬರೆದರೂ ನಡೆದೀತು.

ನರ್ಸ್ ಬೊಳ್ಳಮ್ಮ: "ಈ ಸೂಜಿಮದ್ದಿಗೆ
ಕುದುರೆ ಆಕಳಿಸೀತು, ಸಾಯಲಿಕ್ಕಿಲ್ಲ."
ಮೆಣಸಿನ ಮಂಡಿಯ ಮೊಯ್ದು ವಿಮೆಯ ಕಂತು ಕೂಡಿ, ಕಳೆದು,
"ತಮ್ಮನನ್ನು ಹಿಡಿಯಿರಿ" ಎಂದು ಕೆಳಗೆ ಗೆರೆ ಎಳೆದಿದ್ದಾನೆ.
ಜಾಕಿಯ ಹೆಸರಿನ ಪಕ್ಕ ಲಿಖಿತಾಳದೊಂದು ಹೃದಯ.
ಅದರಡಿ ಯಾರೋ: "ಓದುವ ವಯಸ್ಸಿನಲ್ಲಿ ಓದು."
ಅದರಡಿ ಅವಳೇ: "ಮತ್ತೇನು ಮಾಡುತ್ತಿದ್ದೇನೆ?"

ಪುಟ ಹದಿನೇಳರ ಪಾಪ ಬೇರೆ.
"ಕೊಂದವನು ಡಾಕ್ಟರು."
ಹನ್ನೊಂದು ಜನ ಬಂದು ಜಗಳವಾಡಿದರು ನನ್ನೊಡನೆ.
ನಾನು ರಿಜಿಸ್ಟರಿನ ಸಹಿಗಳನ್ನೆಲ್ಲ ಹರಡಿ
'ಡ'ದ ಬಾಲ ಹಿಡಿದು ಹೊರಟೆ. ಸಿಕ್ಕಿತು.
ಹೆಸರು ಹೇಳಲಾರೆ,
ನನ್ನ ಸಂಬಳಕ್ಕೆ ಸಹಿ ಹಾಕುವ ಕೈ ಅದು.
ಮೇಲಾಗಿ ಸುಳ್ಳು. ಡಾಕ್ಟರು ಕೊಂದಿಲ್ಲ.
ಆ ಮಹಾಶಯರು ಹದಿನೆಂಟನೆಯ ಪುಟ ತಿರುವಿದವರೇ ಅಲ್ಲ.

ಆಮೇಲೆ ಅಂತೋಣಿ.
ಮೈಸೂರಿನ ಲಾಯವೊಂದರಲ್ಲಿ ಇಪ್ಪತ್ತೆರಡು ವರ್ಷ ಕುದುರೆ ಮೈ ತಿಕ್ಕಿದವನು,
ಈಗ ಚರ್ಚಿನ ಗೇಟು ಕಾಯುತ್ತಾನೆ.
ಮೂರು ಸಲ ಅವಧಿ ಮುಂದೂಡಿಸಿಕೊಂಡು
ಬೆರಳಿಟ್ಟು ಬೆರಳಿಟ್ಟು ಓದಿದ.
ಪುಟ ಇನ್ನೂರ ಹನ್ನೆರಡರಲ್ಲಿ ಬರೆದ:
"ಸೋಮವಾರ ಯಜಮಾನ ಸತ್ತ. ಇವತ್ತು ಗುರುವಾರ.
ಪೊಲೀಸು ಬಂದ. ವಕೀಲ ಬಂದ. ಪೇಪರಿನವರು ಬಂದರು.
ಕುದುರೆಗೆ ಯಾರೂ ನೀರು ಇಟ್ಟಿಲ್ಲ."

ಹಿಂದಕ್ಕೆ ತಿರುವಿ ನೋಡಿದೆ.
ಆರು ಸಲ ಚಹಾ. ನಾಲ್ಕು ಸಲ ವಿಸ್ಕಿ.
ವಿಧವೆಗೆ ಒಂದು ಲೋಟ ನಿಂಬೆ ಪಾನಕ.
ಹೌದು, ಒಂದು ಬಕೆಟ್ಟೂ ಇಲ್ಲ.
ಎರಡು ಸಲ ಓದಿದ್ದೆ ನಾನು.

ಅಂತೋಣಿಯ ನಂತರ
ಮೊದಲೇ ಓದಿದವರು ಮತ್ತೆ ಒಯ್ದರು, ಯಾಕೆಂದು ಹೇಳದೆ.
ಆ ಸಾಲಿನ ಕೆಳಗೆ ಹಸಿರು ಶಾಯಿ: "ತಪ್ಪಾಯಿತು."
ಬೊಳ್ಳಮ್ಮ: "ಉಗುರುಬೆಚ್ಚಗೆ. ಚಿಟಿಕೆ ಉಪ್ಪು. ಒಮ್ಮೆಗೇ ಕೊಡಬೇಡಿ."
ಮೊಯ್ದು: "ಹುರುಳಿ ಎರಡು ಸೇರು, ನನ್ನ ಲೆಕ್ಕಕ್ಕೆ."

ಸಂಜೆಯೊಳಗೆ ಉಳಿದದ್ದೆಲ್ಲ ಅಳಿಸಿದೆ,
ಕೋವಿಯ ಏಳು ಜನರನ್ನು, ವಿಮೆಯ ಲೆಕ್ಕವನ್ನು,
ಲಿಖಿತಾಳ ಹೃದಯವನ್ನೂ, ಅದು ಎರಡು ಹಾಳೆಗೆ ಒತ್ತಿತ್ತು.
ಇನ್ನೂರ ಹನ್ನೆರಡಕ್ಕೆ ಬಂದಾಗ ರಬ್ಬರು ಸವೆದಿತ್ತು ಅಂದುಕೊಳ್ಳಿ.

ಆ ಪುಟದ ಕೆಳಮೂಲೆಯಲ್ಲಿ ಈಗ
ಪೆನ್ಸಿಲಿನದೊಂದು ಬಕೆಟ್ಟು ಇದೆ,
ಹಿಡಿ ಸೊಟ್ಟ, ನೀರು ಕಂಠಮಟ್ಟ.
ಯಾರು ಬರೆದರೆಂದು ಕೇಳಬೇಡಿ.
ಎರಡು ರೂಪಾಯಿ ಡಬ್ಬಿಗೆ ಬಿದ್ದಿದೆ.