ಪೆನ್ಸಿಲ್ ಮಾತ್ರ

ಸೌತ್ ಶೀಲ್ಡ್ಸ್ ಲೈಬ್ರರಿಯ ಮೇಲಂತಸ್ತು.
ಹಳೆ ಕಾಗದ ಮುಟ್ಟುವವರು ಪೆನ್ನು ತರುವಂತಿಲ್ಲ.
ಬಾಗಿಲಲ್ಲೇ ಕೈಗೊಂದು ಮೋಟು ಪೆನ್ಸಿಲ್,
ಹಿಂದೆ ಗುಲಾಬಿ ರಬ್ಬರು.

ನೈಟ್ ಡ್ಯೂಟಿ ಮುಗಿಸಿ ನೇರ ಬಂದವಳು ನಾನು,
ಕೈಗಿನ್ನೂ ಆಸ್ಪತ್ರೆ ಸೋಪಿನ ವಾಸನೆ.
ಎದುರಿಗೆ ಡೋರೀನ್, ಎಂಬತ್ತೆರಡು ದಾಟಿದವಳು,
ಕರವಸ್ತ್ರ ಬಿಚ್ಚಿ ತೋರಿಸಿದಳು ಕಂಚಿನ ಬಿಲ್ಲೆ.
ಮೊದಲ ಯುದ್ಧಕ್ಕೆ ಹೋದ ದೊಡ್ಡಪ್ಪನದು,
ಮಗನ ಬದಲಿಗೆ ಸರ್ಕಾರ ಕಳಿಸಿದ್ದು.
'ಅಜ್ಜಿ ಶನಿವಾರ ಶನಿವಾರ ತಿಕ್ಕಿ ತಿಕ್ಕಿ
ಹೆಸರೇ ಸವೆದುಹೋಯ್ತು, ನೋಡು.'
ಬೆರಳಾಡಿಸಿದೆ. ಅರ್ಧ ಅಕ್ಷರ ತಗುಲಿತು.

'ನಿನ್ನವರದು?'
ವಿಕ್ಸ್ ಡಬ್ಬಿ ತೆರೆದೆ. ಏಳು ಕರಿಮಣಿ.

ಮುತ್ತಜ್ಜಿ ಅಕ್ಕಣಿ, ಕೋಡಿಯ ಕಡಲ ಬದಿಯವಳು.
ಗಂಡ ಕುಷ್ಟ ಮರಕಾಲ ಬೊಂಬಾಯಿಗೆ ಹೋಗಿ
ಹೊಗೆಹಡಗಿನ ಒಲೆಗೆ ಕಲ್ಲಿದ್ದಲು ಎತ್ತಿಹಾಕುವ ಕೆಲಸ ಹಿಡಿದ.
ಒಂದು ಮನಿಯಾರ್ಡರು ಬಂತು. ಎರಡನೆಯದು ಬರಲಿಲ್ಲ.
ಸತ್ತನೆಂದೂ ಯಾರೂ ಹೇಳಲಿಲ್ಲ,
ಹೇಳದ ಸಾವಿಗೆ ಬಳೆ ಒಡೆಯುವುದು ಹೇಗೆ?
ಮೂವತ್ತೆಂಟು ವರ್ಷ ಮೀನಿನ ಬುಟ್ಟಿ ಹೊತ್ತಳು
ಹಣೆ ತುಂಬ ಕುಂಕುಮ ಇಟ್ಟು.
ತಿಥಿ ಗೊತ್ತಿಲ್ಲದವರಿಗೆಲ್ಲ ಮಹಾಲಯ ಅಮಾವಾಸ್ಯೆ.
ಅವತ್ತೂ ಅವನ ಹೆಸರಿಗೆ ಎಲೆ ಹಾಕಗೊಡಲಿಲ್ಲ.
'ಅವ್ರ್ ಉಂಬುಕೆ ಮನಿಗೇ ಬತ್ರ್.'

ಡೋರೀನಳ ಮಗ್ಗುಲಲ್ಲಿ ಗೋಡೆಕಾಗದದ ಸುರುಳಿ,
ಅದರ ಬೆನ್ನ ಮೇಲೆ ವಂಶ: ತಂದೆ, ತಂದೆಯ ತಂದೆ.
ನನಗೂ ಒಂದು ತುಂಡು ಹರಿದುಕೊಟ್ಟಳು.
ನಮ್ಮದು ಅಳಿಯಕಟ್ಟು, ಬಳಿ ಬರುವುದು ಅಮ್ಮನಿಂದ, ಎಂದೆ.
ಅಮ್ಮ, ಅವಳಮ್ಮ, ಅವಳಮ್ಮ ಅಕ್ಕಣಿ.
ಗಂಡಸರು ಪಕ್ಕಕ್ಕೆ ನಿಲ್ಲುವವರು.
'ಹಾಗಾದರೆ ಇವನನ್ನು ಎಲ್ಲಿ ಬರೆಯುತ್ತೀ?'

ಹನ್ನೊಂದೂವರೆಗೆ ಪೆಟ್ಟಿಗೆ ಬಂತು.
ಹಡಗಿನ ಹಾಜರಿ, ಕಂದು ಪುಟ.
'ಕಸ್ಟರ್ ಮಾರ್ಕೆಲ್, ಫೈರ್‌ಮನ್, ವಯಸ್ಸು ಇಪ್ಪತ್ತಾರು.'
ಸಹಿಯ ಜಾಗದಲ್ಲಿ ಹೆಬ್ಬೆಟ್ಟು.
ಮುಂದೆ ಕೆಂಪು ಶಾಯಿ:
ಮುಳುಗಿ. ಮಾರ್ಚ್ ಹನ್ನೊಂದು, ನಲವತ್ತೊಂದು.

ಹೆಸರು ತಪ್ಪು. ಊರೂ ತಪ್ಪು.
ಹೆಬ್ಬೆಟ್ಟಿಗೆ ಕಾಗುಣಿತ ಇಲ್ಲ.
ಅಳಿವೆಯ ಸುಳಿಯಂಥ ಗೆರೆ, ನಡುವೆ ಅಡ್ಡಕ್ಕೊಂದು ಕಲೆ,
ಗಾಳ ಹೊಕ್ಕಿದ್ದಿರಬೇಕು.
ನನ್ನ ಹೆಬ್ಬೆರಳು ಹತ್ತಿರ ಒಯ್ದೆ. ಮುಟ್ಟುವಂತಿಲ್ಲ.

'ಬರೆದುಕೋ, ದಿನಾಂಕ ಸಿಕ್ಕಿತಲ್ಲ.'
ಬರೆದರೆ,
ಮುತ್ತೈದೆಯಾಗಿ ಚಿತೆ ಏರಿದವಳು
ಮೂವತ್ತೆಂಟು ವರ್ಷ ಹಿಂದಿನಿಂದ ವಿಧವೆ.
ಅಷ್ಟೂ ಬೆಳಗಿನ ಕುಂಕುಮವನ್ನು ಒಂದೊಂದಾಗಿ
ನಾನೇ ಒರೆಸಿದ ಹಾಗೆ.
ಬರೆಯದಿದ್ದರೆ ಅವನು ಇನ್ನೂ
ನೀರಲ್ಲಿ.

ಅಕ್ಕಣಿಯ ಪಕ್ಕ ಕುಷ್ಟ ಮರಕಾಲ ಎಂದು
ಕನ್ನಡದಲ್ಲಿ ಒತ್ತಿ ಬರೆದೆ, ಕಾಗದ ತೂತಾಗುವಷ್ಟು.
ದಿನಾಂಕಕ್ಕೆ ಬಂದಾಗ ಪೆನ್ಸಿಲ್ ಮೊಂಡಾಗಿತ್ತು.
ಹಾಗಂತ ಡೋರೀನ್‌ಗೆ ಹೇಳಿದೆ.

ಮಧ್ಯಾಹ್ನ ಹೊರಗೆ ಬೆಂಚು, ಹಂಚಿಕೊಂಡ ಸ್ಯಾಂಡ್‌ವಿಚ್.
ಕಡಲಹಕ್ಕಿಯೊಂದು ಕಾಗೆಯ ಹಾಗೆ ತಲೆ ವಾರೆ ಮಾಡಿ
ನನ್ನ ಕೈಯ ತುಂಡನ್ನೇ ನೋಡುತ್ತ ನಿಂತಿತು.
'ಹಾಕು, ಪಾಪ' ಎಂದಳು ಡೋರೀನ್.

ಹಾಕಲಿಲ್ಲ.
ಅವರು ಊಟಕ್ಕೆ ಮನೆಗೇ ಬರುತ್ತಾರೆ.